ಫಿಜಿಯಾಗ ಏನ್ ಬೆಳಿತಾರ?

ಹೋದ ವರ್ಷ ದಿನಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ನನ್ನದೊಂದು ಪ್ರವಾಸ ಲೇಖನ ಬಂತು. ಫಿಜಿ ದ್ವೀಪಗಳ ಬಗ್ಗೆ. ಅರ್ಧ ಪುಟ, ನಾಲ್ಕು ಫೋಟೋ, ಮೂಲೆಯಲ್ಲಿ ನನ್ನ ಹೆಸರು. ಆಫೀಸಿನ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು ಸುರಿದವು. 'ಓದ್ತಾ ಓದ್ತಾ ಅಲ್ಲೇ ಇದ್ದಂಗಾಯ್ತು' ಅಂತ ಒಬ್ಬರು ಬರೆದರು. ಅದನ್ನು ನಂಬಿಕೊಂಡು ಎರಡು ದಿನ ಉಬ್ಬಿಕೊಂಡೇ ಓಡಾಡಿದೆ.

ದಸರೆಗೆ ಊರಿಗೆ ಹೋದೆ. ನಮ್ಮೂರು ಹುಮನಾಬಾದಿನಿಂದ ಹತ್ತು ಹನ್ನೆರಡು ಕಿಲೋಮೀಟರ್. ಅಪ್ಪ ಆ ಪುಟವನ್ನು ಕತ್ತರಿಸಿ, ಪಹಣಿ ಮತ್ತು ಕಬ್ಬಿನ ತೂಕದ ಚೀಟಿ ಇಡುವ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದ. ಅದಕ್ಕಿಂತ ದೊಡ್ಡ ಗೌರವ ನಮ್ಮ ಮನೆಯಲ್ಲಿ ಯಾವ ಕಾಗದಕ್ಕೂ ಇಲ್ಲ. ಸಂಜೆ ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ, ಮತ್ತೊಮ್ಮೆ ನನ್ನೆದುರಿಗೇ ಓದಿದ.

"ಛಲೋ ಬರ್ದಿ ನೋಡು," ಅಂದ. ಆಮೇಲೆ ಸ್ವಲ್ಪ ತಡೆದು ಕೇಳಿದ, "ಅಲ್ಲಿ ಮಂದಿ ಏನ್ ಬೆಳಿತಾರ?"

"ಕಬ್ಬು," ಅಂದೆ.

"ಕಬ್ಬಾ?" ಅಪ್ಪ ಪುಟವನ್ನು ಮತ್ತೆ ಮೇಲಿಂದ ಕೆಳಗೆ ನೋಡಿದ. "ಇದ್ರಾಗ ಎಲ್ಲೂ ಇಲ್ಲಲ್ಲ?"

ಇರಲಿಲ್ಲ. ಆ ಒಂದು ಪ್ರಶ್ನೆಯಿಂದ ಈ ಬರಹ ಹುಟ್ಟಿದೆ. ಇದು ವಿಮರ್ಶೆ. ಮೊದಲು ವಿಮರ್ಶೆಗೆ ಸಿಗುವುದು ನನ್ನದೇ ಲೇಖನ, ಆಮೇಲೆ ಅಂಥದೇ ಉಳಿದವು.

*

ನಾನು ಹೊಟ್ಟೆಪಾಡಿಗೆ ಲಾಗ್ ಫೈಲು ಓದುವವನು, ಎಣಿಸುವುದು ಚಟ. ಅದೇ ರಾತ್ರಿ ನನ್ನ ಲೇಖನವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಪದ ಹುಡುಕಿದೆ. 'ನೀಲಿ' ಹನ್ನೊಂದು ಸಲ. 'ಸ್ವರ್ಗ' ನಾಲ್ಕು ಸಲ. 'ಸ್ಫಟಿಕ' ಮೂರು ಸಲ. ಸ್ಫಟಿಕ ಅನ್ನುವ ವಸ್ತುವನ್ನು ನಾನು ಕಣ್ಣಾರೆ ಕಂಡದ್ದು ಎಂಜಿನಿಯರಿಂಗ್ ಮೊದಲ ವರ್ಷದ ಲ್ಯಾಬಿನಲ್ಲಿ ಮಾತ್ರ. ಲೇಖನದಲ್ಲಿ ಮನುಷ್ಯರು ಎಷ್ಟು ಮಂದಿ ಅಂತ ನೋಡಿದರೆ ಮೂವರು: ನಾನು, ನನ್ನ ಜೊತೆಗೆ ಬಂದಿದ್ದ ಗೆಳೆಯ, ಮತ್ತು 'ನಗುಮೊಗದ ಸ್ಥಳೀಯರು'. ಕಬ್ಬು ಸೊನ್ನೆ.

ಎಲ್ಲಕ್ಕಿಂತ ನಾಚಿಕೆಯಾದದ್ದು ಈ ಸಾಲಿಗೆ: 'ವಿಮಾನ ನಿಲ್ದಾಣದಿಂದ ಹೊರಬಿದ್ದೊಡನೆ ರಸ್ತೆಯ ಇಕ್ಕೆಲಗಳಲ್ಲೂ ಕಣ್ಣಿಗೆ ತಂಪೆರೆಯುವ ಹಸಿರು.'

ಆ ಹಸಿರು ಕಬ್ಬು. ನಾನು ಕಬ್ಬಿನ ಗದ್ದೆಯಲ್ಲೇ ಬೆಳೆದವನು. ಸುಲಿಯ ಬಣ್ಣ ನೋಡಿ ನೀರು ಕಮ್ಮಿ ಆಗಿದೆಯೋ ಗೊಬ್ಬರ ಕಮ್ಮಿ ಆಗಿದೆಯೋ ಹೇಳಬಲ್ಲೆ. ಗರಿ ಕೊಯ್ದು ಕೈಮೇಲೆ ಎದ್ದ ಗೀರುಗಳು ಹತ್ತನೇ ಕ್ಲಾಸಿನ ತನಕ ಮಾಯ್ದಿರಲಿಲ್ಲ. ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ನಮ್ಮ ಕಡೆ ಮದುವೆಯ ಮುಹೂರ್ತ, ಸಾಲದ ವಾಯಿದೆ, ಮಕ್ಕಳ ಫೀಸು ಎಲ್ಲ ಕಬ್ಬು ಹೋಗುವ ಲೆಕ್ಕದ ಮೇಲೆ ನಿಂತಿರುತ್ತವೆ. ಅಂಥವನು ಸಾವಿರಾರು ಮೈಲಿ ಹಾರಿ ಹೋಗಿ, ತನ್ನ ಮನೆಯ ಬೆಳೆಯನ್ನೇ ಕಂಡು, ಅದನ್ನು 'ಹಸಿರು' ಅಂತ ಬರೆದ. ಮರೆತು ಬರೆದದ್ದೂ ಅಲ್ಲ. ಟ್ಯಾಕ್ಸಿಯಲ್ಲಿ ಕೂತು 'ಅರೆ, ಕಬ್ಬು!' ಅಂತ ಕಿಟಕಿಗೆ ಮುಖ ಒತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಬರೆಯಲು ಕೂತಾಗ ಕೈ ತಾನಾಗೇ ಅದನ್ನು ಬಿಟ್ಟಿತು. ಪ್ರವಾಸ ಲೇಖನದಲ್ಲಿ ಕಬ್ಬಿಗೆ ಜಾಗ ಇಲ್ಲ ಅಂತ ನನಗೆ ಯಾರು ಹೇಳಿಕೊಟ್ಟಿದ್ದರು?

ಹೇಳಿಕೊಟ್ಟದ್ದು ಇಂಥವೇ ಲೇಖನಗಳು. ಮಾಲ್ಡೀವ್ಸ್, ಮಾರಿಷಸ್, ಬಾಲಿ, ಹವಾಯಿ, ಫಿಜಿ ಅಂತ ಕನ್ನಡದಲ್ಲಿ ಸಿಕ್ಕಷ್ಟನ್ನು ಕೂಡಿಹಾಕಿಕೊಂಡು ಓದಿದೆ. ಊರಿನ ಹೆಸರು ಅಳಿಸಿದರೆ ಯಾವುದು ಎಲ್ಲಿಯದು ಅಂತ ಹೇಳುವುದು ಕಷ್ಟ. ಮೊದಲ ಪ್ಯಾರಾದಲ್ಲಿ ವಿಮಾನದ ಕಿಟಕಿಯಿಂದ ಕಂಡ ನೀಲಿ. ಎರಡನೆಯದರಲ್ಲಿ ಕೊರಳಿಗೆ ಹೂವಿನ ಹಾರ. ಮೂರರಲ್ಲಿ ಬೆಳ್ಳನೆ ಮರಳು. ನಾಲ್ಕರಲ್ಲಿ ನೀರೊಳಗೆ ಇಳಿದದ್ದು, 'ಬಣ್ಣಬಣ್ಣದ ಮೀನುಗಳು'. ಕೊನೆಗೆ 'ಒಲ್ಲದ ಮನಸ್ಸಿನಿಂದ' ಹಿಂತಿರುಗುವುದು. ಬದಿಯಲ್ಲಿ ಚೌಕಟ್ಟು: ತಲುಪುವುದು ಹೇಗೆ, ಎಲ್ಲಿ ಉಳಿಯಬೇಕು, ಏನು ತಿನ್ನಬೇಕು.

ಹೆಸರುಗಳ ಗತಿ ನೋಡ್ರಿ. ಫಿಜಿಯ ದೊಡ್ಡ ವಿಮಾನ ನಿಲ್ದಾಣ ಇರುವ ಊರನ್ನು ಅಲ್ಲಿಯವರು 'ನಾಂದಿ' ಅನ್ನುತ್ತಾರೆ. ಫಿಜಿ ಭಾಷೆಯ ಬರವಣಿಗೆಯಲ್ಲಿ 'ಡಿ' ಅಕ್ಷರದ ಹಿಂದೆ ಒಂದು ಅನುನಾಸಿಕ ಅಡಗಿರುತ್ತದೆ. ನಾನು ಓದಿದ ಕನ್ನಡ ಲೇಖನಗಳಲ್ಲಿ ಅದು 'ನಾಡಿ', 'ನಾದಿ'. ನನ್ನದರಲ್ಲೂ 'ನಾಡಿ'ಯೇ. ನಾಂದಿ ಅನ್ನುವ ಶಬ್ದ ನಮ್ಮ ಬಾಯಿಗೆ ಎಷ್ಟು ಸಲೀಸು! ಅಲ್ಲಿ ಏಳು ದಿನ ಕಳೆದು, ದಿನಕ್ಕೆ ಹತ್ತು ಸಲ ಆ ಹೆಸರು ಕೇಳಿಸಿಕೊಂಡು, ಬರೆಯುವಾಗ ಮಾತ್ರ ಇಂಗ್ಲಿಷಿನ ಸ್ಪೆಲ್ಲಿಂಗ್ ನೋಡಿ ಬರೆದೆ. ಅಂದರೆ ನಾನು ಕಿವಿಯಿಂದ ಬರೆದಿರಲಿಲ್ಲ, ರೆಸಾರ್ಟಿನ ಕೈಪಿಡಿಯಿಂದ ಬರೆದಿದ್ದೆ. ಆ ಕೈಪಿಡಿ ಬರೆದವನಿಗೆ ಒಂದು ಕೆಲಸ ಇದೆ, ರೂಮು ಮಾರುವುದು. ಖಾಲಿ ಬೀಚು ತೋರಿಸಿದರೆ ರೂಮು ಮಾರಾಟವಾಗುತ್ತದೆ. ಅವನು ಮಂದಿಯನ್ನು ಚಿತ್ರದಿಂದ ಹೊರಗಿಟ್ಟದ್ದರಲ್ಲಿ ತಪ್ಪೇನಿಲ್ಲ. ನನಗೆ ಯಾವ ರೂಮು ಮಾರುವುದಿತ್ತು?

*

ಈಗ ಆ ಟ್ಯಾಕ್ಸಿಯ ಕಥೆ. ಲೇಖನದಲ್ಲಿ ಇದು ಬಂದಿರಲಿಲ್ಲ.

2018ರ ಜುಲೈ. ನಾನು ಸಿಡ್ನಿಯಲ್ಲಿ ಆರು ತಿಂಗಳ ಪ್ರಾಜೆಕ್ಟಿನಲ್ಲಿದ್ದೆ. ಅಲ್ಲಿಂದ ಫಿಜಿಗೆ ನಾಲ್ಕು ತಾಸಿನ ವಿಮಾನ, ಆಸ್ಟ್ರೇಲಿಯಾದವರಿಗೆ ಅದು ನಮಗೆ ಗೋವಾ ಇದ್ದಂತೆ. ಫಿಜಿಯಲ್ಲಿ ಮುನ್ನೂರಕ್ಕೂ ಹೆಚ್ಚು ದ್ವೀಪಗಳಿವೆ, ಮಂದಿ ವಾಸ ಇರುವುದು ಸುಮಾರು ನೂರರಲ್ಲಿ. ಪ್ರವಾಸಿಗರು ಬೀಚಿಗೆ, ಡೈವಿಂಗಿಗೆ ಹೋಗುವುದು ಹೆಚ್ಚಾಗಿ ಪಶ್ಚಿಮದ ಸಣ್ಣ ದ್ವೀಪಗಳ ಸಾಲಿಗೆ. ದೋಣಿಗೆ ಒಂದು ದಿನ ಇತ್ತು ಅಂತ ನಾವು ನಾಂದಿಯಿಂದ ಲೌಟೋಕ ಪಟ್ಟಣಕ್ಕೆ ಟ್ಯಾಕ್ಸಿ ಹಿಡಿದೆವು.

ದಾರಿಯಲ್ಲಿ ಗಾಡಿ ನಿಂತಿತು. ಮುಂದೆ ಆಟಿಕೆಯಂಥ ಸಣ್ಣ ರೈಲು ರಸ್ತೆ ದಾಟುತ್ತಿತ್ತು. ಎರಡು ಅಡಿ ಅಗಲದ ಹಳಿ, ಅದರ ಮೇಲೆ ಕಬ್ಬು ತುಂಬಿದ ಡಬ್ಬಿಗಳು ಒಂದರ ಹಿಂದೊಂದು. ಗಾಳಿಯಲ್ಲಿ ಸುಟ್ಟ ಗರಿಯ ವಾಸನೆ, ಬೆಲ್ಲದ ಹುಳಿ ಘಮ. ನಮ್ಮಲ್ಲಿ ಕಾರ್ಖಾನೆ ಶುರುವಾಗುವುದು ದೀಪಾವಳಿಯ ಆಸುಪಾಸು. ಅಲ್ಲಿ ಜೂನ್‌ನಿಂದ ನವೆಂಬರ್, ಡಿಸೆಂಬರ್. ನಮ್ಮೂರಿನ ಜನವರಿಯನ್ನು ಯಾರೋ ಎತ್ತಿಕೊಂಡು ಬಂದು ಜುಲೈಯಲ್ಲಿ ಇಟ್ಟಂತಿತ್ತು.

ಡ್ರೈವರಿಗೆ ಐವತ್ತರ ಮೇಲೆ ವಯಸ್ಸು. ನಾನು ನಮ್ಮ ಹುಮನಾಬಾದಿನ ದಖ್ಖನಿ ಹಿಂದಿಯಲ್ಲಿ ಮಾತಾಡಿದೆ, ಅವನು ಫಿಜಿ ಹಿಂದಿಯಲ್ಲಿ. ಟಿವಿಯಲ್ಲಿ ಬರುವ ಹಿಂದಿ ಇಬ್ಬರದೂ ಅಲ್ಲ, ಹಾಗಾಗಿ ಇಬ್ಬರಿಗೂ ಸಂಕೋಚ ಇರಲಿಲ್ಲ. ಅವನ ಆಜಾನ ಅಪ್ಪ ಬಸ್ತಿ ಜಿಲ್ಲೆಯಿಂದ ಬಂದವನಂತೆ. 'ಆಜಾ' ಅಂದರೆ ನಮ್ಮ ಅಜ್ಜನೇ. ಯಾಕೆ ಬಂದ ಅಂತ ಕೇಳಿದ್ದಕ್ಕೆ ಒಂದೇ ಶಬ್ದ ಹೇಳಿದ: 'ಗಿರ್ಮಿಟ್'.

ಬ್ರಿಟಿಷರ 'ಅಗ್ರಿಮೆಂಟ್' ಅನ್ನುವ ಶಬ್ದ ಕೂಲಿಗಳ ಬಾಯಲ್ಲಿ ಗಿರ್ಮಿಟ್ ಆಯಿತು. ನಮ್ಮ ಕಡೆ ಗಿರ್ಮಿಟ್ ಅಂದರೆ ಚುರುಮುರಿ ಕಲಸಿದ ತಿಂಡಿ, ಮೊದಲು ನಗು ಬಂತು. ಆಮೇಲೆ ಬರಲಿಲ್ಲ. 1879ರ ಮೇ 14ರಂದು 'ಲಿಯೊನಿಡಾಸ್' ಅನ್ನುವ ಹಡಗು ಕಲ್ಕತ್ತೆಯಿಂದ ಮೊದಲ ಕೂಲಿಗಳನ್ನು ತಂದಿತು. 1916ರ ತನಕ ಒಟ್ಟು ಅರವತ್ತು ಸಾವಿರ ಚಿಲ್ಲರೆ ಮಂದಿ ಬಂದರು. 1903ರಿಂದ ಮದ್ರಾಸಿನ ಬಂದರಿನಿಂದಲೂ ಹಡಗು ಹೊರಟವು, ದಕ್ಷಿಣದವರು ಹದಿನೈದು ಸಾವಿರದಷ್ಟು. ಐದು ವರ್ಷದ ಒಪ್ಪಂದ. ಗಂಡಸಿಗೆ ದಿನಕ್ಕೆ ಒಂದು ಶಿಲ್ಲಿಂಗ್, ಹೆಂಗಸಿಗೆ ಒಂಬತ್ತು ಪೆನ್ನಿ, ಅದೂ ಕೊಟ್ಟ ಅಳತೆಯ ಕೆಲಸ ಮುಗಿಸಿದರೆ ಮಾತ್ರ. ಸ್ವಂತ ಖರ್ಚಿಲ್ಲದೆ ವಾಪಸ್ ಹೋಗಬೇಕೆಂದರೆ ಹತ್ತು ವರ್ಷ ಕಾಯಬೇಕು. ಹೆಚ್ಚಿನವರು ಹೋಗಲೇ ಇಲ್ಲ. ಆ ಕೂಲಿ ಲೈನುಗಳಿಗೆ ಅವರೇ ಇಟ್ಟುಕೊಂಡ ಹೆಸರು 'ನರಕ'. ನನ್ನ ಲೇಖನದಲ್ಲಿ ನಾಲ್ಕು ಸಲ 'ಸ್ವರ್ಗ' ಅಂತ ಇದೆ ಎಂದು ಆಗಲೇ ಹೇಳಿದೆನಲ್ಲ.

ಗೋರಾ ಮೇಲ್ವಿಚಾರಕನನ್ನು ಕೂಲಿಗಳು 'ಕುಲಂಬರ' ಅನ್ನುತ್ತಿದ್ದರಂತೆ. ಬೆಳಿಗ್ಗೆ ಹಾಜರಿ ಕರೆಯುವಾಗ ಕೇಳುತ್ತಿದ್ದ 'ಕಾಲ್ ನಂಬರ್' ಹೀಗಾಯಿತು ಅನ್ನುತ್ತಾರೆ. ಅವನ ಕೈಕೆಳಗೆ ಗುಂಪಿನ ಸರ್ದಾರ. ಇದನ್ನು ಕೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಹೊಲಕ್ಕೆ ಕಬ್ಬು ಕಡಿಯಲು ಬರುವ ಟೋಳಿ, ಅದರ ಮುಕಾದಮ. ಮುಂಗಡ ಇಸ್ಕೊಂಡು, ಹೆಂಡತಿ ಮಕ್ಕಳ ಸಮೇತ ಬಂದು, ತಾಡಪತ್ರಿಯ ಗುಡಿಸಲಲ್ಲಿ ಚಳಿಗಾಲ ಕಳೆದು, ಮುಂಗಡ ತೀರುವ ತನಕ ಕಡಿಯುವವರು. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಕಡಲು ದಾಟಿಸಿ ಒಯ್ಯುವುದಕ್ಕೂ, ಬೀಡ ಜಿಲ್ಲೆಯಿಂದ ಟ್ರ್ಯಾಕ್ಟರಿನಲ್ಲಿ ಬರುವುದಕ್ಕೂ ಬಹಳ ಫರಕು ಇದೆ. ಆದರೆ ಟೋಳಿಯನ್ನು ಕಂಡವನಿಗೆ ಅಲ್ಲಿ ಏನು ಕೇಳಬೇಕೆಂಬುದಾದರೂ ಗೊತ್ತಿರುತ್ತದೆ. ಸ್ಫಟಿಕದ ನೀರಿಗಿಂತ ನಾನು ಬರೆಯಬಹುದಾಗಿದ್ದ ಫಿಜಿ ಅದು. ನನ್ನ ಬಳಿ ಆ ಕೀಲಿ ಇತ್ತು, ಬಾಗಿಲು ತೆರೆಯಲಿಲ್ಲ.

ಡ್ರೈವರ್ ಇನ್ನೊಂದು ಮಾತು ಹೇಳಿದ್ದ. ಅವನ ಮನೆಯವರೂ ಕಬ್ಬಿನವರೇ, ಆದರೆ ನೆಲ ಸ್ವಂತದ್ದಲ್ಲ, ಗುತ್ತಿಗೆಯದು. ಫಿಜಿಯ ನೆಲದಲ್ಲಿ ಶೇ. 80ಕ್ಕೂ ಹೆಚ್ಚು ಅಲ್ಲಿಯ ಮೂಲನಿವಾಸಿ ಕುಲಗಳದು, ಮಾರುವಂತಿಲ್ಲ. ಮೂವತ್ತು ವರ್ಷದ ಗುತ್ತಿಗೆಗಳು 1997ರಿಂದ ಮುಗಿಯತೊಡಗಿದವು, ಸಾವಿರಾರು ಮನೆತನ ಕಬ್ಬು ಬಿಟ್ಟವು. ಅವನೂ ಹಾಗೇ ಸ್ಟೇರಿಂಗ್ ಹಿಡಿದವನು. ಇದನ್ನು ಕೇಳಿ ನನ್ನ ತಲೆ ಥಟ್ಟನೆ 'ಪಾಪ ನಮ್ಮವರು' ಅನ್ನುವ ಕಡೆ ವಾಲಿತು. ಅದೂ ಅರ್ಧ ನೋಟವೇ. ಆ ನೆಲದ ಕಾಯಿದೆಗೆ ಬುನಾದಿ ಹಾಕಿದ ಗವರ್ನರ್ ಆರ್ಥರ್ ಗಾರ್ಡನ್, ಕೂಲಿಗಳನ್ನು ತರಿಸಿದವನೂ ಅವನೇ. ದ್ವೀಪದವರ ನೆಲ ಕೈಬಿಡಬಾರದು, ಅವರನ್ನು ತೋಟದ ದುಡಿಮೆಗೂ ಹಚ್ಚಬಾರದು, ಆದರೆ ಸಕ್ಕರೆ ಆಗಬೇಕು. ಮಾರಿಷಸ್ ಮತ್ತು ಟ್ರಿನಿಡಾಡಿನಲ್ಲಿ ಆಳ್ವಿಕೆ ಮಾಡಿ ಬಂದಿದ್ದ ಅವನಿಗೆ ಭಾರತದ ಕೂಲಿಗಳ ವಿಷಯ ಗೊತ್ತಿತ್ತು. ಒಂದು ಮಂದಿಯ ನೆಲ ಉಳಿಯಿತು, ಇನ್ನೊಂದು ಮಂದಿಗೆ ನೆಲವೇ ಸಿಗಲಿಲ್ಲ. 1987ರಲ್ಲಿ ಅಲ್ಲಿ ಮೊದಲ ಸೇನಾ ದಂಗೆ ಆಯಿತು, ಅದೂ ಮೇ 14ರಂದೇ. ಆಮೇಲೆ ಭಾರತೀಯ ಮೂಲದವರು ಸಾವಿರಗಟ್ಟಲೆ ದೇಶ ಬಿಟ್ಟರು. ಸಿಡ್ನಿಯಲ್ಲಿ ನಾನು ಕಿರಾಣಿ ತರುತ್ತಿದ್ದ ಅಂಗಡಿ ಅಂಥವರದೇ ಒಂದು.

ಇದೆಲ್ಲ ಲೌಟೋಕ ಮುಟ್ಟುವುದರೊಳಗೆ ನಡೆದ ಮಾತು. ಅಲ್ಲಿಯ ಸಕ್ಕರೆ ಕಾರ್ಖಾನೆ 1903ರಿಂದ ನಿಂತಿದೆ. ನಾನು ಅದರ ಫೋಟೋ ತೆಗೆದಿದ್ದೆ. ಪುರವಣಿಗೆ ಕಳಿಸಲಿಲ್ಲ.

*

'ಹಾಗಾದ್ರೆ ಡೈವಿಂಗ್ ಬಗ್ಗೆ ಬರೀಲೇಬಾರ್ದಾ?' ಅಂತ ಕೇಳ್ತೀರಿ. ಬರೀಬೇಕು ರೀ. ನೀರಿಗೆ ಇಳಿಯುವ ಸುಖವನ್ನು ನಾನು ಅಲ್ಲಗಳೆಯಲಾರೆ.

ನಾನು ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣ ಬುರುಡೆ ಕಟ್ಟಿಕೊಂಡು. ಕಡಲಿನೊಳಗೆ ಮೊದಲು ಇಳಿದದ್ದು 2016ರ ಏಪ್ರಿಲಿನಲ್ಲಿ, ಮುರ್ಡೇಶ್ವರದ ಮುಂದಿನ ನೇತ್ರಾಣಿ ದ್ವೀಪದ ಬಳಿ. ಅದೇ ತಿಂಗಳು ನಮ್ಮ ಪಕ್ಕದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರುತ್ತಿದ್ದರು. ನಮ್ಮ ಬಾವಿಯಲ್ಲಿ ತಳದ ಕಲ್ಲು ಕಾಣುತ್ತಿತ್ತು, ಕಬ್ಬು ನಿಂತಲ್ಲೇ ಒಣಗಿತ್ತು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಹತ್ತು ಮೀಟರ್ ಕೆಳಗೆ ಹೋದಾಗ, ತಲೆಯ ಮೇಲೆ ಇಷ್ಟೊಂದು ನೀರು ನಿಂತಿದೆಯಲ್ಲ ಅನ್ನುವುದೇ ನನಗೆ ಮೀನಿಗಿಂತ ದೊಡ್ಡ ವಿಸ್ಮಯವಾಗಿತ್ತು. ಅದನ್ನೂ ನಾನು ಎಲ್ಲೂ ಬರೆಯಲಿಲ್ಲ. ಬರಗಾಲದ ಊರಿನವನು ಮೋಜಿಗೆ ನೀರಿಗಿಳಿದ ಅಂತ ಯಾರಾದರೂ ಅಂದಾರು ಎಂಬ ಅಳುಕು.

ನೇತ್ರಾಣಿಯ ಬಗ್ಗೆ ಬರುವ ಬರಹಗಳಲ್ಲೂ ಅದೇ ಗತಿ. 'ಹೃದಯದ ಆಕಾರದ ದ್ವೀಪ', 'ಬಣ್ಣಬಣ್ಣದ ಮೀನು'. ಅದು ಕರಾವಳಿಯ ಮೀನುಗಾರರು ಪೂಜೆ ಸಲ್ಲಿಸುವ ಜಾಗ, ನೌಕಾದಳ ಅದನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸುತ್ತಿತ್ತು. ಒಂದೇ ಬಂಡೆ ಮೀನುಗಾರನಿಗೆ ದೇವರು, ಫಿರಂಗಿಗೆ ಗುರಿ, ನನಗೆ ವಾರಾಂತ್ಯ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ ಪ್ರವಾಸ ಬರಹ ನನಗಿನ್ನೂ ಓದಲು ಸಿಕ್ಕಿಲ್ಲ.

ಮೀನನ್ನಾದರೂ ಸರಿಯಾಗಿ ನೋಡಿದೆವಾ? ಹವಳದ ದಿಬ್ಬದ ಮೇಲೆ 'ಪ್ಯಾರಟ್ ಫಿಶ್' ಅನ್ನುವ ಗಿಣಿಕೊಕ್ಕಿನ ಮೀನು ಇರುತ್ತದೆ. ಸತ್ತ ಹವಳವನ್ನು ಕೆರೆದು ಪಾಚಿ ತಿನ್ನುತ್ತದೆ. ನೀರೊಳಗೆ ಕಿವಿಗೊಟ್ಟರೆ ಕಟಕಟ ಕೇಳುತ್ತದೆ. ತಿಂದ ಸುಣ್ಣದ ಪುಡಿಯನ್ನು ಮರಳಾಗಿ ಹಿಂದೆ ಬಿಡುತ್ತದೆ. ಹವಳದ ದ್ವೀಪಗಳ ಆ ಪ್ರಸಿದ್ಧ ಬೆಳ್ಳನೆ ಮರಳಿನಲ್ಲಿ ಒಂದು ದೊಡ್ಡ ಪಾಲು ಈ ಮೀನಿನ ಹಿಕ್ಕೆ. ನಾವೆಲ್ಲ ಮೂರನೇ ಪ್ಯಾರಾದಲ್ಲಿ ಮರಳನ್ನು ಹೊಗಳಿ, ನಾಲ್ಕರಲ್ಲಿ ಮೀನನ್ನು ಹೊಗಳಿ, ಎರಡರ ನಡುವಿನ ಸಂಬಂಧವನ್ನೇ ಕಾಣದೆ ಮುಂದೆ ಹೋದವರು.

'ಅದು ಏನು ತಿನ್ನುತ್ತದೆ' ಎಂಬ ಪ್ರಶ್ನೆ ನಮ್ಮ ಕಡೆಗೆ ಹೊಸದೇನಲ್ಲ. ಹುಮನಾಬಾದಿನ ಪಕ್ಕದ ಬಸವಕಲ್ಯಾಣ ಚಾಲುಕ್ಯರ ರಾಜಧಾನಿ ಆಗಿದ್ದಾಗ, ಹನ್ನೆರಡನೇ ಶತಮಾನದಲ್ಲಿ, ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ರಾಜನ ವಿನೋದಗಳನ್ನು ಹೇಳುವಲ್ಲಿ 'ಮತ್ಸ್ಯವಿನೋದ' ಅನ್ನುವ ಭಾಗವೇ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನು, ಯಾವುದು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಪೊರೆ ಇದೆ, ಯಾವುದಕ್ಕೆ ಏನು ತಿನಿಸು ಹಾಕಬೇಕು, ಗಾಳ ಹೇಗಿರಬೇಕು. ಕಡಲಿನಿಂದ ಅಷ್ಟು ದೂರದ ಬಿಸಿಲೂರಿನಲ್ಲಿ ಕೂತು ಇಷ್ಟು ವಿವರ! ಮೋಜಿನ ಬರಹವೂ ಹೀಗಿರಬಹುದು. ಆದರೂ ಅದು ದಡದಲ್ಲಿ ಕೂತ ರಾಜನ ನೋಟ. ಅದಾಗಿ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯ ವಚನ ಹೇಳಿದ. ದೋಣಿಯಲ್ಲಿ ಕೂತವನ ಬದಲು ಹುಟ್ಟು ಹಾಕುವವನು ಬಾಯಿ ತೆರೆದ. ಕಲ್ಯಾಣದಲ್ಲಿ ಅವನ ಹೆಸರಿನ ಗವಿ ಇವತ್ತಿಗೂ ತೋರಿಸುತ್ತಾರೆ. ನಮ್ಮ ದ್ವೀಪ ಲೇಖನಗಳಲ್ಲಿ ಸೋಮೇಶ್ವರನ ತಾಳ್ಮೆಯೂ ಇಲ್ಲ, ಚೌಡಯ್ಯನ ಜಾಗವೂ ಇಲ್ಲ. ನನ್ನನ್ನು ದಿಬ್ಬದ ತನಕ ಒಯ್ದ ದೋಣಿಯವನು ಯಾವ ಊರಿನವನು, ಆ ದಿಬ್ಬದ ಮೇಲೆ ಮೀನು ಹಿಡಿಯುವ ಹಕ್ಕು ಯಾವ ಹಳ್ಳಿಯದು, ನಾನು ಕೊಟ್ಟ ಡಾಲರಿನಲ್ಲಿ ಆ ಹಳ್ಳಿಗೆ ಎಷ್ಟು ಹೋಯಿತು, ಒಂದನ್ನೂ ಕೇಳಲಿಲ್ಲ. ಫಿಜಿಯಲ್ಲಿ ದಡದ ಮೀನಿನ ಜಾಗಗಳು ಸಾಂಪ್ರದಾಯಿಕವಾಗಿ ಹಳ್ಳಿಗಳಿಗೆ ಸೇರಿದವು ಅನ್ನುವುದು ನನಗೆ ಗೊತ್ತಾದದ್ದು ಬೆಂಗಳೂರಿಗೆ ವಾಪಸ್ ಬಂದ ಮೇಲೆ.

ಅದೇ ಹವಳದ ಇನ್ನೊಂದು ಮುಖವನ್ನೂ ಆಮೇಲೆಯೇ ಓದಿದೆ. 1884ರ ಮೇ 11ರಂದು 'ಸಿರಿಯಾ' ಅನ್ನುವ ಹಡಗು ಕಲ್ಕತ್ತೆಯಿಂದ ಸುಮಾರು ಐನೂರು ಗಿರ್ಮಿಟಿಯಾಗಳನ್ನು ತುಂಬಿಕೊಂಡು ಬಂದು, ಫಿಜಿಯ ನಸಿಲಾಯಿ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. 59 ಮಂದಿ ಸತ್ತರು. ಎರಡು ತಿಂಗಳು ಕಡಲಲ್ಲಿ ಬಂದು, ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ. ನಾನು ಇಳಿದ ದಿಬ್ಬ ಅದಲ್ಲ, ಬೇರೆ ದಿಕ್ಕಿನದು. ಆದರೆ ನನ್ನ ಲೇಖನದ 'ಹವಳದ ಉದ್ಯಾನ' ಅನ್ನುವ ಮಾತನ್ನು ಈಗ ಓದಿದರೆ ಗಂಟಲು ಹಿಡಿಯುತ್ತದೆ.

*

ಬೇರೆ ಥರ ಬರೆದವರು ಇದ್ದಾರಾ? ಇದ್ದಾರೆ.

ಪೂರ್ಣಚಂದ್ರ ತೇಜಸ್ವಿಯವರ ಮಿಲೆನಿಯಮ್ ಸರಣಿಯಲ್ಲಿ 'ಪೆಸಿಫಿಕ್ ದ್ವೀಪಗಳು' ಅನ್ನುವ ಸಣ್ಣ ಪುಸ್ತಕವಿದೆ. ನನ್ನ ಪೀಳಿಗೆಯ ಎಷ್ಟೋ ಹಳ್ಳಿ ಹುಡುಗರಿಗೆ ಆ ಮಹಾಸಾಗರದ ಪರಿಚಯ ಮಾಡಿಕೊಟ್ಟದ್ದು ಅದು. ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತಿತ್ತು. ಅದರಲ್ಲಿ 'ನಾನು ಹೋಗಿ ಬಂದೆ' ಎಂಬ ಜಂಬ ಇಲ್ಲ. ಮೂಡಿಗೆರೆಯಲ್ಲಿ ಕೂತು, ಓದಿ, ಕನ್ನಡದ ಓದುಗನಿಗಾಗಿ ಬರೆದದ್ದು. ತಾವೇ ಹೋಗಿ ಬಂದು ಬರೆದದ್ದು 'ಅಲೆಮಾರಿಯ ಅಂಡಮಾನ್'. ಎರಡರಲ್ಲೂ ಬರೆಯುವವನಿಗೆ ತನ್ನದೇ ಒಂದು ಹುಚ್ಚು ಇದೆ, ಮೀನಿನದು, ಹಕ್ಕಿಯದು, ಯಂತ್ರದ್ದು. ಆ ಹುಚ್ಚನ್ನು ಊರಲ್ಲೇ ಬಿಟ್ಟು ಹೋಗದೆ ಜೊತೆಗೆ ಒಯ್ದರು. ತೇಜಸ್ವಿ ಗಾಳ ಹಿಡಿದೇ ದ್ವೀಪ ನೋಡಬಲ್ಲರಾದರೆ, ನಾನು ಕಬ್ಬಿನ ಕತ್ತಿ ಹಿಡಿದೇ ನೋಡಬಹುದಿತ್ತು. ನಾನು ನನ್ನ ಕಣ್ಣನ್ನು ಸಿಡ್ನಿಯ ಬಾಡಿಗೆ ರೂಮಿನಲ್ಲಿಟ್ಟು, ಬಾಡಿಗೆಯ ಕಣ್ಣು ಹಾಕಿಕೊಂಡು ಹೋದೆ.

ಇನ್ನೊಬ್ಬ ತೋತಾರಾಮ್ ಸನಾಢ್ಯ. 1893ರಲ್ಲಿ ಗಿರ್ಮಿಟಿಯಾ ಆಗಿ ಫಿಜಿಗೆ ಹೋದವನು. 1914ರಲ್ಲಿ ಮರಳಿ ಬಂದು ಹೇಳಿದ ಕಥೆ 'ಫಿಜಿ ದ್ವೀಪದಲ್ಲಿ ನನ್ನ ಇಪ್ಪತ್ತೊಂದು ವರ್ಷ' ಎಂಬರ್ಥದ ಹೆಸರಿನಲ್ಲಿ ಹಿಂದಿಯಲ್ಲಿ ಪುಸ್ತಕವಾಯಿತು. ಗಿರ್ಮಿಟ್ ಪದ್ಧತಿಯ ವಿರುದ್ಧ ಭಾರತದಲ್ಲಿ ಎದ್ದ ಕೂಗಿಗೆ ಅದು ಬಲ ಕೊಟ್ಟಿತು. ಅದೇ ನೀಲಿ, ಅದೇ ತೆಂಗು ಅವನ ಕಣ್ಣಿಗೂ ಬಿದ್ದಿರಬೇಕು. ಅವನು ಇಪ್ಪತ್ತೊಂದು ವರ್ಷ ಇದ್ದು ಬರೆದ, ನಾವು ಏಳು ದಿನ ಇದ್ದು ಬರೆಯುತ್ತೇವೆ. ಏಳು ದಿನದವನು ಇಪ್ಪತ್ತೊಂದು ವರ್ಷದವನಷ್ಟು ಕಾಣಲಿ ಅಂತ ಕೇಳುವುದು ಅನ್ಯಾಯ. ಏಳು ದಿನದಲ್ಲಿ ಕಂಡದ್ದನ್ನಾದರೂ ಮುಚ್ಚಿಡದಿರಲಿ ಅಂತ ಕೇಳಬಹುದಲ್ಲ?

ಪುರವಣಿಯ ಗೆಳೆಯರೊಬ್ಬರ ಬಳಿ ಇದನ್ನೇ ಹೇಳಿದೆ. 'ಭಾನುವಾರ ಬೆಳಿಗ್ಗೆ ಚಹಾ ಕುಡೀತಾ ಯಾರು ರೀ ಕೂಲಿಗಳ ಕಥೆ ಓದ್ತಾರೆ?' ಅಂದರು. ಅವರ ಮಾತಿನಲ್ಲೂ ಹುರುಳಿದೆ. ವಾರವಿಡೀ ದುಡಿದವನಿಗೆ ಒಂದು ಪುಟ ನೀಲಿ ಬೇಕು. ಹೋಗಲಾಗದವನಿಗೆ ಇನ್ನೂ ಬೇಕು. ನಾನು ಇತಿಹಾಸದ ಪಾಠ ಬರೆಯಿರಿ ಅನ್ನುತ್ತಿಲ್ಲ. ಎಂಟುನೂರು ಪದದಲ್ಲಿ ಎರಡು ಸಾಲು ಸಾಕು: ರಸ್ತೆಯ ಎರಡೂ ಕಡೆ ಕಬ್ಬು ಇತ್ತು, ಡ್ರೈವರಿನ ಮುತ್ತಜ್ಜ ಅದನ್ನು ಕಡಿಯಲು ಬಂದವನು. ಚಹಾ ಆರುವುದಿಲ್ಲ. ಆ ಎರಡು ಸಾಲಿನಿಂದ ಹುಮನಾಬಾದ ತಾಲ್ಲೂಕಿನ ಒಬ್ಬ ಓದುಗನಿಗೆ ಫಿಜಿ ಥಟ್ಟನೆ ಪಕ್ಕದೂರಾಗುತ್ತಿತ್ತು. ಚಹಾದ ಜೊತೆ ಓದುವವರಲ್ಲಿ ಅವನೂ ಇದ್ದಾನೆ ಎಂಬುದು ಪುರವಣಿಗೂ ನೆನಪಿಲ್ಲ, ನನಗೂ ಇರಲಿಲ್ಲ.

ಇದು ನನಗೆ ಚುಚ್ಚುವುದಕ್ಕೆ ಮತ್ತೊಂದು ಕಾರಣವಿದೆ. ನಮ್ಮ ಕಡೆಗೂ ಪ್ರವಾಸ ಬರಹಗಾರರು ಬರುತ್ತಾರೆ. ಬಸವಕಲ್ಯಾಣದಲ್ಲಿ 108 ಅಡಿಯ ಬಸವಣ್ಣನ ಮೂರ್ತಿ, ಕೋಟೆ, ಗವಿಗಳು, ತ್ರಿಪುರಾಂತ ಕೆರೆ. ಹುಮನಾಬಾದ ಅವರ ಲೇಖನದಲ್ಲಿ ಎರಡು ಹೆದ್ದಾರಿ ಕೂಡುವ ಜಾಗ, ಚಹಾ ಕುಡಿದು ಮುಂದೆ ಹೋಗುವ ಊರು. ಪುರುಸೊತ್ತಿದ್ದರೆ ಮಾಣಿಕನಗರದ ಗುಡಿ. ಉಳಿದದ್ದು 'ಬಿಸಿಲ ನಾಡು', 'ಹಿಂದುಳಿದ ಪ್ರದೇಶ', 'ಮುಗ್ಧ ಜನ'. ಅಂಥದೊಂದು ಬರಹಕ್ಕೆ ನಾನು ಬ್ಲಾಗಿನಲ್ಲಿ ಸಿಟ್ಟಿನಿಂದ ಉತ್ತರ ಬರೆದಿದ್ದೆ. ನಮ್ಮ ಮಂದಿ ಏನು ಬೆಳೆಯುತ್ತಾರೆ, ಹುಡುಗರು ಯಾಕೆ ಪುಣೆ, ಹೈದರಾಬಾದಿನ ಬಸ್ಸು ಹತ್ತುತ್ತಾರೆ ಅಂತ ಒಂದು ಸಾಲು ಬರೆಯಬಾರದಿತ್ತಾ ಅಂತ ಕೇಳಿದ್ದೆ. 'ಮುಗ್ಧ ಜನ' ಅನ್ನುವುದಕ್ಕೂ ನನ್ನ 'ನಗುಮೊಗದ ಸ್ಥಳೀಯರು' ಅನ್ನುವುದಕ್ಕೂ ಏನು ಫರಕು? ಎರಡರಲ್ಲೂ ಯಾರಿಗೂ ಹೆಸರಿಲ್ಲ, ಕಸುಬಿಲ್ಲ.

*

ಅವತ್ತು ಕಟ್ಟೆಯ ಮೇಲೆ ಅಪ್ಪನಿಗೆ ಲೌಟೋಕದ ಕಥೆಯನ್ನೆಲ್ಲ ಹೇಳಿದೆ. ರೈಲು, ಗಿರ್ಮಿಟ್, ಗುತ್ತಿಗೆ. ಊಟ ಆರಿ ಹೋಗುತ್ತದೆ ಅಂತ ಅವ್ವ ಎರಡು ಸಲ ಕೂಗಿದಳು. ಅಪ್ಪ ಏಳಲಿಲ್ಲ. ದಂಗೆಯ ಬಗ್ಗೆ ಅವನಿಗೆ ಅಷ್ಟು ಆಸಕ್ತಿ ಹುಟ್ಟಲಿಲ್ಲ. ಅವನು ಕೇಳಿದ್ದು ಬೇರೆ.

"ಕೂಳೆ ಎಷ್ಟ್ ವರ್ಷ ಬಿಡ್ತಾರ ಅಲ್ಲಿ?"

ಕಡಿದ ಬುಡದಿಂದಲೇ ಮತ್ತೆ ಚಿಗುರುವ ಬೆಳೆಗೆ ಕೂಳೆ ಅಂತಾರೆ. ನಮ್ಮ ಹೊಲದಲ್ಲಿ ಎರಡು, ಹೆಚ್ಚೆಂದರೆ ಮೂರು ಕೂಳೆ. ಆಮೇಲೆ ಇಳುವರಿ ಬೀಳುತ್ತದೆ, ಕಿತ್ತು ಹೊಸದಾಗಿ ನೆಡಬೇಕು. ಅಲ್ಲಿಯದು ನನಗೆ ಗೊತ್ತಿರಲಿಲ್ಲ. ಡ್ರೈವರಿನ ನಂಬರ್ ಫೋನಿನಲ್ಲಿತ್ತು, ಅಲ್ಲೇ ಕೂತು ವಾಟ್ಸಾಪ್ ಮಾಡಿದೆ. ಅವನಿಗೆ ಆಗ ನಡುರಾತ್ರಿ ದಾಟಿತ್ತು. ಬೆಳಿಗ್ಗೆ ಉತ್ತರ ಬಂದಿತ್ತು: ಹತ್ತು ವರ್ಷ ದಾಟಿದ ಕೂಳೆಯೂ ಉಂಟು, ಹೊಸದಾಗಿ ನೆಡಲು ಖರ್ಚು, ಗುತ್ತಿಗೆ ಮುಗಿಯುವ ನೆಲದಲ್ಲಿ ಯಾರು ನೆಡುತ್ತಾರೆ.

ಅಪ್ಪನಿಗೆ ಓದಿ ಹೇಳಿದೆ. ಕೊನೆಯ ಮಾತಿಗೆ ತಲೆ ಆಡಿಸಿದ, ಅದು ಅವನಿಗೆ ಅರ್ಥವಾಯಿತು. ಮೊದಲನೆಯದನ್ನು ಮಾತ್ರ ನಂಬಲಿಲ್ಲ.

"ಹತ್ ವರ್ಷಾ? ಏನರೆ ಹೇಳ್ಲತ್ತಾನ. ಬುಡದ್ದು ಒಂದ್ ಫೋಟೋ ಕಳಸು ಅನ್ನು."

ಕೇಳಿದೆ. ಎರಡು ದಿನ ಬಿಟ್ಟು ಬಂತು. ಕೆಂಪು ಮಣ್ಣು, ಅಡ್ಡಾದಿಡ್ಡಿ ಕಡಿದ ಬುಡಗಳು, ಮೂಲೆಯಲ್ಲಿ ಯಾರದೋ ರಬ್ಬರ್ ಚಪ್ಪಲಿಯ ಕಾಲು. ನೀಲಿ ಎಲ್ಲೂ ಇಲ್ಲ. ಅಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಹಿಗ್ಗಿಸಿ, ಬಹಳ ಹೊತ್ತು ನೋಡಿದ. ಆಮೇಲೆ ಪಕ್ಕದ ಹೊಲದ ಕಾಕಾನಿಗೆ ತೋರಿಸಲು ಫೋನು ಹಿಡಿದುಕೊಂಡೇ ಎದ್ದು ಹೋದ.